ಯು-853 ಮ್ಯಾಲ ಥಂಡಿ ನೀರಿನ ಡೈವ್: ಕಲಬುರಗಿ, ಬೀದರದಾಗ ಇದ್ದೇ ಏನೇನು ತಯಾರಿ ಆಗ್ತದ?

ತೊಗರಿ ಕಣಜ, ಕಲಬುರಗಿ

ನಮಸ್ಕಾರ್ರಿ ಎಲ್ಲಾರಿಗೂ. ಬರೋ ವರ್ಷ ಆಗಸ್ಟದಾಗ ನಾಕು ಮಂದಿ ಅಮೆರಿಕದ ರೋಡ್ ಐಲೆಂಡ್ ಕಡಿ ಮುಳುಗಿರೋ ಜರ್ಮನ್ ಜಲಾಂತರ್ಗಾಮಿ ಯು-853 ನೋಡ್ಲಾಕ ಹೊಂಟೀವಿ. ಎಲ್ಲರ ಹತ್ರನೂ ಅಡ್ವಾನ್ಸ್ಡ್ ಕಾರ್ಡ್, ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಗೆ ಬೆರೆಸಿದ ಗಾಳಿ) ಕಾರ್ಡ್ ಅವ. ಡೈವ್ ಎಲ್ಲಾ ನೇತ್ರಾಣಿ, ಅಂಡಮಾನ್ ಕಡಿದು, ಅಂದ್ರ 28 ಡಿಗ್ರಿ ನೀರು. ಕೇಳಾದು ಇಷ್ಟೇ: 7 ಮಿ.ಮೀ. ವೆಟ್‌ಸೂಟ್ ನಡೀತದಾ? 12 ಲೀಟರಿನ ಒಂದೇ ಸಿಲಿಂಡರ್ ಸಾಕಾ? ಕಾರಂಜಾ, ಬೆಣ್ಣೆತೊರಾ ಡ್ಯಾಮಿನಾಗ ಇಳಿದು ಥಂಡಿ ನೀರಿನ ಅಭ್ಯಾಸ ಮಾಡ್ಲಾಕ ಬರ್ತದಾ?

ಕಾರಂಜಾ ದಂಡಿ, ಬೀದರ್

ಮೊದಲಿನ ಎರಡಕ್ಕೂ ಇಲ್ಲ. ಮೂರನೇದಕ್ಕ ಅರ್ಧ ಹೌದು, ಅದು ಆಮ್ಯಾಲ ಹೇಳ್ತೀನಿ.

ಹಿನ್ನೆಲೆ ಗೊತ್ತಿಲ್ಲದವ್ರಿಗೆ: ಯು-853 ಜರ್ಮನಿಯ ಒಂಬತ್ತು-ಸಿ/40 ಮಾದರಿ ಜಲಾಂತರ್ಗಾಮಿ, ಉದ್ದ 76 ಮೀಟರಿಗಿಂತ ಜಾಸ್ತಿ. ದಾಳಿ ನಿಲ್ಲಿಸ್ರಿ ಅಂತ ಆಗಿನ ಜರ್ಮನಿಯ ಮುಖ್ಯಸ್ಥ ಡಾನಿಟ್ಜ್ 1945ರ ಮೇ 4ಕ್ಕ ತನ್ನ ಜಲಾಂತರ್ಗಾಮಿಗಳಿಗೆ ಆದೇಶ ಕೊಟ್ಟಿದ್ದ. ಮರುದಿನ ಇದು ಬ್ಲ್ಯಾಕ್ ಪಾಯಿಂಟ್ ಅನ್ನೋ ಕಲ್ಲಿದ್ದಲ ಹಡಗಿಗೆ ಟಾರ್ಪೆಡೊ ಹೊಡೀತು. ಆ ಹಡಗಿನ 12 ಮಂದಿ ಸತ್ರು. ಆಥರ್ಟನ್, ಮೊಬರ್ಲಿ ಅನ್ನೋ ಎರಡು ನೌಕೆ ರಾತ್ರಿಯೆಲ್ಲಾ ಬೆನ್ನಟ್ಟಿ ಮೇ 6ಕ್ಕ ಇದನ್ನ ಮುಗಿಸಿದ್ವು. ಒಳಗಿದ್ದ 55 ಮಂದ್ಯಾಗ ಒಬ್ಬರೂ ಉಳೀಲಿಲ್ಲ. ಎರಡೇ ದಿನಕ್ಕ ಯುರೋಪಿನ ಯುದ್ಧನೇ ಮುಗೀತು. ಈಗ ಅದು ಬ್ಲಾಕ್ ಐಲೆಂಡಿನ ಪೂರ್ವಕ್ಕ ಸುಮಾರು 7 ಮೈಲಿ ದೂರ, 40 ಮೀಟರ್ ಆಳದ ಆಸುಪಾಸು ಬಿದ್ದದ.

ಆಗಸ್ಟದಾಗ ಅಲ್ಲಿ ಮ್ಯಾಲಿನ ನೀರು ಹಿತ ಅನಸ್ತದ. ಅದಕ್ಕೇ ಮಂದಿ ಮೋಸ ಹೋಗ್ತಾರ. ನಡುವ ಒಂದು ಪದರ ದಾಟಿದ ಕೂಡ್ಲೆ ಉಷ್ಣತೆ ಒಮ್ಮೆಲೇ ಬೀಳ್ತದ, ತಳದಾಗ 10 ಡಿಗ್ರಿ ಅಂತ ಹಿಡೀರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಜೋರಾಗಿ ಮೈಯಾಗಿನ ಶಾಖ ಎಳ್ಕೋತದ. ವೆಟ್‌ಸೂಟ್ ಬೆಚ್ಚಗಿಡೋದು ರಬ್ಬರಿನಿಂದಲ್ಲ, ಅದರೊಳಗಿನ ಸಣ್ಣ ಗಾಳಿ ಗುಳ್ಳಿಗಳಿಂದ. 40 ಮೀಟರಿನಾಗ ಒತ್ತಡ 5 ಬಾರ್. ಗುಳ್ಳಿ ಹಿಂಡಿ ಹೋಗಿ 7 ಮಿ.ಮೀ. ಸೂಟ್ ಅರ್ಧಕ್ಕ ಬಂದು ನಿಲ್ತದ. ಸೂಟ್ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕೈ ಕೊಡ್ತದ ಅಂದಂಗಾಯ್ತು. ನೀರು ಒಳಗ ಬಿಡದ ಡ್ರೈಸೂಟ್ ಬೇಕು, ಒಳಗ ದಪ್ಪನ ಥಿನ್ಸುಲೇಟ್ ಬಟ್ಟಿ ಬೇಕು, ತಲಿಗೆ 7 ಮಿ.ಮೀ. ಹುಡ್ ಬೇಕು.

ಶಹಾಬಾದ್ ಕಲ್ಲು, ಕಲಬುರಗಿ

ಸಿಲಿಂಡರಿನ ಮಾತು ನಾ ಹೇಳ್ತೀನಿ. ಪೆನ್ನು ತಗೊಂಡು ಕೂಡ್ರಿ.

ನೇತ್ರಾಣಿಯಾಗ ನಿಮಿಷಕ್ಕ 20 ಲೀಟರ್ ಉಸಿರಾಡೋರು 40 ಮೀಟರಿನಾಗ 20 × 5 = 100 ಲೀಟರ್ ಎಳೀತಾರ. ಥಂಡಿಗೆ ಅದು ಇನ್ನೂ ಏರ್ತದ, ಸದ್ಯ ಬಿಡ್ರಿ. 12 ಲೀಟರ್ ಸಿಲಿಂಡರ್ 200 ಬಾರಿಗೆ ತುಂಬಿದ್ರ 2400 ಲೀಟರ್.

ಈಗ ಕೆಟ್ಟ ಗಳಿಗೆ ಲೆಕ್ಕ. ತಳದಾಗ ಜೋಡಿದಾರನ ಗಾಳಿ ಖಾಲಿ ಆಯ್ತು, ಇಬ್ಬರೂ ಒಂದೇ ಸಿಲಿಂಡರಿನಿಂದ ಮ್ಯಾಲ ಬರಬೇಕು. ಗಾಬರ್ಯಾಗ ತಲಾ 30 ಲೀಟರ್, ಇಬ್ಬರಿಗೆ 60. ತಳದಾಗ ಸುಧಾರಿಸ್ಕೊಳ್ಳಾಕ 2 ನಿಮಿಷ: 60 × 5 × 2 = 600. ನಿಮಿಷಕ್ಕ 9 ಮೀಟರಿನಂಗ ಮ್ಯಾಲ ಬರ್ಲಾಕ ಸುಮಾರು ನಾಲ್ಕೂವರಿ ನಿಮಿಷ, ಸರಾಸರಿ ಒತ್ತಡ 3 ಬಾರ್: 60 × 3 × 4.5 = 810. 5 ಮೀಟರಿನಾಗ 3 ನಿಮಿಷ ನಿಲ್ಲಾಕ: 60 × 1.5 × 3 = 270. ಎಲ್ಲಾ ಕೂಡಿ 1680 ಲೀಟರ್.

12 ಲೀಟರ್ ಸಿಲಿಂಡರಿನಾಗ 1680 ಅಂದ್ರ 140 ಬಾರ್. ಗೇಜ್ 140 ತೋರಿಸಿದ ಕೂಡ್ಲೆ ನೀವು ತಳ ಬಿಡಬೇಕು. 200ರಾಗ 140 ಹೋದ್ರ ಉಳೀತು 60 ಬಾರ್, ಅಂದ್ರ 720 ಲೀಟರ್. ಇಳೀಲಾಕ 180 ಹೋಯ್ತು. ಮಿಕ್ಕ 540 ಲೀಟರಿನಾಗ ಜಲಾಂತರ್ಗಾಮಿ ಮ್ಯಾಲ ಐದು ನಿಮಿಷ. ಲಕ್ಷಗಟ್ಟಲೆ ಖರ್ಚು ಮಾಡಿ ಐದು ನಿಮಿಷ! ಗೋವಾ, ಅಂಡಮಾನದಾಗ ಸಿಗೋ ಅಲ್ಯೂಮಿನಿಯಂ 80 ಇನ್ನೂ ಸಣ್ಣದು, 11.1 ಲೀಟರ್. ಅದರಾಗ ಮೀಸಲೇ 151 ಬಾರ್ ಬೇಕು.

ಅದೇ ಜೋಡಿ 12 ಹಾಕ್ಕೊಂಡ್ರ ಮೀಸಲು 70 ಬಾರ್. ಉಳಿದಿದ್ದು ಬೇಕಾದಷ್ಟು ಆಗ್ತದ. ಆಗ ನಿಮ್ಮನ್ನ ಎಬ್ಬಿಸೋದು ಗಾಳಿ ಅಲ್ಲ, ಮೈಯಾಗ ಸೇರೋ ನೈಟ್ರೋಜನ್. ಪ್ಯಾಡಿ ಅನ್ನೋ ಡೈವ್ ತರಬೇತಿ ಸಂಸ್ಥೆ ಟೇಬಲ್ಲಿನಾಗ ಕಡ್ಡಾಯ ನಿಲುಗಡಿ ಇಲ್ಲದೆ ಇರಬಹುದಾದ ಹೊತ್ತು ಗಾಳಿ ಮ್ಯಾಲ 40 ಮೀಟರಿಗೆ 9 ನಿಮಿಷ, 35ಕ್ಕ 14 ನಿಮಿಷ.

ತೊಗರಿ ಕಣಜ, ಕಲಬುರಗಿ

ಅಬ್ಬಾ! 140 ಬಾರ್ ಅಂತ ಕನಸಿನಾಗೂ ಅನಿಸಿದ್ದಿಲ್ಲ. ಇಲ್ಲಿ ತನಕ 50 ಬಾರಿಗೆ ಮ್ಯಾಲ ಬರೋದು ಅಂತ ಕಲ್ತಿದ್ವಿ. ಹಂಗಾದ್ರ ನೈಟ್ರಾಕ್ಸ್ 32 ಹಾಕ್ಕೊಂಡ್ರ ಟೈಮ್ ಜಾಸ್ತಿ ಸಿಗ್ತದಲ್ಲ?

ಶಹಾಬಾದ್ ಕಲ್ಲು, ಕಲಬುರಗಿ

32 ಬ್ಯಾಡ ತಮ್ಮಾ. 40 ಮೀಟರಿನಾಗ ಆಮ್ಲಜನಕದ ಒತ್ತಡ 0.32 × 5 = 1.6 ಬಾರ್. ಈಜಾಡೋ ಹೊತ್ತಿನಾಗ 1.4ರ ಮ್ಯಾಲ ಹೋಗಬಾರದು. 32ರ ಮಿತಿ 33 ಮೀಟರ್ ಚಿಲ್ಲರೆ. ಥಂಡಿ, ದಣಿವು ಸೇರಿದ್ರ ಆಮ್ಲಜನಕದ ಫಿಟ್ಸ್ ಅಪಾಯ ಇನ್ನೂ ಏರ್ತದ. 28 ತಗೋರಿ. 0.28 × 5 ಬರೋಬ್ಬರಿ 1.4. ನೈಟ್ರೋಜನ್ ಮಟ್ಟಿಗೆ ಅದು ಬರೀ ಗಾಳಿ ಮ್ಯಾಲ 35.6 ಮೀಟರಿಗೆ ಇಳಿದಂಗ. ತುಂಬಿಸಿದ ಮ್ಯಾಲ ನೀವೇ ಆಮ್ಲಜನಕ ಅಳೆಯೋ ಅನಲೈಸರ್ ಹಚ್ಚಿ ನೋಡಿ ಟೇಪ್ ಮ್ಯಾಲ ಬರೀರಿ. ಅಂಗಡಿಯವ ಹೇಳಿದ್ದು ನಂಬಿ ಇಳೀಬ್ಯಾಡ್ರಿ.

50 ಬಾರಿನ ನಿಯಮ 15-18 ಮೀಟರ್ ಹವಳದ ದಿಬ್ಬಕ್ಕ ಸರಿ. ಆಳಕ್ಕಲ್ಲ.

ಸುರಂಗ ಬಾವಿ, ಬೀದರ್

ಎಲ್ಲರೂ ಸೂಟ್, ಸಿಲಿಂಡರ್ ಅಂತೀರಿ. ಥಂಡಿ ನೀರಿನಾಗ ಮೊದಲು ಕೈ ಕೊಡೋದು ರೆಗ್ಯುಲೇಟರ್, ಅಂದ್ರ ಸಿಲಿಂಡರಿನ ಗಾಳಿ ಒತ್ತಡ ಇಳಿಸಿ ಬಾಯಿಗೆ ಕೊಡೋ ಸಾಮಾನು.

ಯಾಕಂದ್ರ 200 ಬಾರ್ ಗಾಳಿ ಫಸ್ಟ್ ಸ್ಟೇಜಿನಾಗ (ಸಿಲಿಂಡರಿಗೆ ಹಚ್ಚೋ ಭಾಗ) ಒಮ್ಮೆಲೇ 10 ಬಾರ್ ಹತ್ರ ಇಳೀತದ. ಹಿಗ್ಗಿದ ಗಾಳಿ ಥಣ್ಣಗಾಗ್ತದ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಾಗ ವಾಲ್ವ್ ಥಣ್ಣಗಾಗಾದು ನೋಡೀರಲ್ಲ, ಅದೇ ಆಟ, ಭಾಳ ದೊಡ್ಡದು. ಸುತ್ತಲಿನ ನೀರು 8 ಡಿಗ್ರಿ ಇದ್ರೂ ಒಳಗಿನ ಲೋಹ ಸೊನ್ನೆ ಕೆಳಗ ಹೋಗ್ತದ. ಫಸ್ಟ್ ಸ್ಟೇಜಿನ ಸ್ಪ್ರಿಂಗ್ ಕೋಣಿಯೊಳಗ ನೀರು ಹೋಗೋ ತೆರೆದ ಪಿಸ್ಟನ್ ಮಾದರಿ ಇದ್ರ ಆ ನೀರು ಬರ್ಫ್ ಆಗಿ ಪಿಸ್ಟನ್ ತೆರೆದಂಗೇ ಹಿಡೀತದ. ಒತ್ತಡ ಏರಿ ಸೆಕೆಂಡ್ ಸ್ಟೇಜ್ (ಬಾಯಾಗ ಹಿಡಿಯೋ ಭಾಗ) ಬುಸ್ ಅಂತ ಸುರೀಲಾಕ ಸುರು. ಸೆಕೆಂಡ್ ಸ್ಟೇಜಿನಾಗ ನಿಮ್ಮ ಉಸಿರಿನ ಪಸಿನೇ ಲಿವರ್ ಮ್ಯಾಲ ಹೆಪ್ಪುಗಟ್ಟಿ ಅದೇ ಗತಿ ಆಗ್ತದ. ಇದಕ್ಕೇ ಫ್ರೀ ಫ್ಲೋ ಅಂತಾರ. ಒಂದ್ಸಲ ಸುರು ಆದ್ರ ಗಾಳಿ ಹರಿದಷ್ಟೂ ಥಂಡಿ, ಥಂಡಿ ಆದಷ್ಟೂ ಹರೀತದ. 40 ಮೀಟರಿನಾಗ ಸಿಲಿಂಡರ್ ಕೆಲವೇ ನಿಮಿಷದಾಗ ಖಾಲಿ.

ಯುರೋಪಿನ ಇಎನ್ 250 ಮಾನದಂಡದಾಗ 10 ಡಿಗ್ರಿ ಕೆಳಗಿದ್ರ ಥಂಡಿ ನೀರು. ಅದಕ್ಕಂತನೇ 4 ಡಿಗ್ರಿಯಾಗ, 50 ಮೀಟರ್ ಒತ್ತಡದಾಗ ಪರೀಕ್ಷೆ ಮಾಡಿರ್ತಾರ. ನಿಮ್ಮ ರೆಗ್ಯುಲೇಟರ್ ಮ್ಯಾಲ 10 ಡಿಗ್ರಿಗಿಂತ ಹೆಚ್ಚು ಅನ್ನೋ ಗುರುತು ಇದ್ರ ಅದನ್ನ ನೇತ್ರಾಣಿಗೇ ಇಡ್ರಿ. ಬೇಕಾಗಿದ್ದು ಸೀಲ್ ಮಾಡಿದ ಡಯಾಫ್ರಾಮ್ ಫಸ್ಟ್ ಸ್ಟೇಜ್, ಡಿನ್ ತಿರುಪು, ಲೋಹದ ಒಳಭಾಗ ಇರೋ ಸೆಕೆಂಡ್ ಸ್ಟೇಜ್. ಅಂಥವು ಎರಡು ಜೋಡಿ, ಒಂದೊಂದು ವಾಲ್ವಿಗೆ ಒಂದೊಂದು.

ಅಲ್ಲಿ ಹೋದ ಮ್ಯಾಲ ಮಾಡಬಾರದ್ದು: ದೋಣಿ ಮ್ಯಾಲ ಥಣ್ಣನ ಗಾಳಿಗೆ ನಿಂತು ರೆಗ್ಯುಲೇಟರಿನಾಗ ಮತ್ತ ಮತ್ತ ಉಸಿರಾಡಿ ನೋಡಬ್ಯಾಡ್ರಿ, ಬಾಯಿ ನೀರಿನ ಕೆಳಗ ಹೋದ ಮ್ಯಾಲೇ ಪರೀಕ್ಷೆ. ಗಾಳಿ ಸುರಿಸಿ ನೀರು ತಗಿಯೋ ಪರ್ಜ್ ಬಟನ್ ಒತ್ತಬ್ಯಾಡ್ರಿ, ನೀರು ಹೊಕ್ಕಿದ್ರ ಉಸಿರಿನಿಂದ ಊದಿ ತಗೀರಿ. ಸೂಟಿಗೆ, ವಿಂಗಿಗೆ ಗಾಳಿ ತುಂಬೋ ಇನ್‌ಫ್ಲೇಟರ್ ಉದ್ದಕ ಒತ್ತಿ ಹಿಡೀಬ್ಯಾಡ್ರಿ, ಸಣ್ಣ ಸಣ್ಣ ತುತ್ತು ಗಾಳಿ ಬಿಡ್ರಿ. ಬಿಡೋ ಹೊತ್ತಿನಾಗ ಉಸಿರು ಎಳೀಬ್ಯಾಡ್ರಿ. ಡ್ರೈಸೂಟಿನ ಪೈಪ್ ಎಡಗಡಿ ವಾಲ್ವಿಗೆ, ವಿಂಗಿನ (ಬೆನ್ನಿನ ತೇಲೋ ಚೀಲ) ಪೈಪ್ ಬಲಗಡಿಗೆ. ಒಂದು ಹೋದ್ರ ತೇಲಾಕ ಇನ್ನೊಂದು ಇರ್ತದ.

ಎರಡು ಸ್ಟೇಜಿನ ನಡುವಿನ ಒತ್ತಡ 9.5 ಬಾರ್ ಇದ್ರ 8.5ಕ್ಕ ಇಳಿಸ್ರಿ ಅಂತ ಸರ್ವಿಸ್ ಮಾಡೋರಿಗೆ ಹೇಳ್ರಿ.

ಶಹಾಬಾದ್ ಕಲ್ಲು, ಕಲಬುರಗಿ

ಒತ್ತಡ ಇಳಿಸೋ ಮಾತಿಗೆ ನನ್ನ ತಕರಾರದ. ಕಂಪನಿ ಕೈಪಿಡ್ಯಾಗ ಕೊಟ್ಟ ಮಿತಿಯೊಳಗ ಇದ್ರ ಇಳಿಸ್ಲಿ, ಅದರಾಚೆ ಹೋದ್ರ 40 ಮೀಟರಿನಾಗ ಉಸಿರು ಬಿಗಿ ಆಗ್ತದ. ಬಿಗಿ ಆದ್ರ ಜೋರಾಗಿ ಎಳೀತೀರಿ, ಮೈಯಾಗ ಇಂಗಾಲದ ಡೈಆಕ್ಸೈಡ್ ಏರ್ತದ, ನಶೆ ಏರಿದಂಗ ತಲಿ ಮಂಕಾಗ್ತದ.

ಸುರಂಗ ಬಾವಿ, ಬೀದರ್

ಮಿತಿಯೊಳಗೇ ಅಂತ ನಾನೂ ಹೇಳಿದ್ದು. ಸೆಕೆಂಡ್ ಸ್ಟೇಜಿನ ಬಿಗಿತ ತಿರುಪು ಜರಾ ಒಳಗ ತಿರುವಿದ್ರೂ ಕೆಲಸ ಆಗ್ತದ.

ಭೀಮಾ ಹೊಳಿ, ಯಾದಗಿರಿ

ಫ್ರೀ ಫ್ಲೋ ಸುರು ಆದ್ಮ್ಯಾಲ ಏನ್ ಮಾಡಬೇಕು ಅದನ್ನೂ ಹೇಳ್ರಿ ಅಣ್ಣಾರ. ಅದೇ ಮುಖ್ಯ ಅಲ್ಲೇನ್ರಿ?

ಸುರಂಗ ಬಾವಿ, ಬೀದರ್

ಬಾಯಾಗಿದ್ದದ್ದು ಸುರೀಲತ್ತದಂದ್ರ ತಗದು ಬಿಡ್ರಿ, ಕೊರಳಾಗ ನೇತಾಡೋ ಎರಡನೇದು ಬಾಯಿಗೆ. ಬಲಗೈ ಹಿಂದಕ ಒಯ್ದು ಬಲಗಡಿ ವಾಲ್ವ್ ಮುಚ್ಚೋತನಕ ತಿರುವ್ರಿ. ಸುರಿಯೋದು ನಿಂತ್ರ ಅದೇ ಕಡಿಯ ತೊಂದರಿ ಅಂತ ಖಾತ್ರಿ. ನಿಲ್ಲಲಿಲ್ಲ ಅಂದ್ರ ಎರಡು ಸಿಲಿಂಡರ್ ನಡುವಿನ ಐಸೊಲೇಟರ್ ವಾಲ್ವ್ ಮುಚ್ರಿ, ಅರ್ಧ ಗಾಳಿ ಆದ್ರೂ ಉಳೀತದ. ಜೋಡಿದಾರಗ ಲೈಟಿನಿಂದ ಸನ್ನೆ ಮಾಡ್ರಿ. ಡೈವ್ ಮುಗೀತು, ಶಾಟ್ ಲೈನ್ (ಇಳಿದು ಏರ್ಲಾಕ ಕಟ್ಟಿದ ಹಗ್ಗ) ಕಡಿ ನಡೀರಿ. ಮ್ಯಾಲ ಬರ್ತಾ ಒಂದೆರಡು ನಿಮಿಷಕ್ಕ ಬರ್ಫ್ ಕರಗಿದ್ರ ನಿಧಾನಕ ತೆರೆದು ನೋಡಬಹುದು. ಆದ್ರ ತಿರುಗಿ ಹಡಗಿನ ಕಡಿ ಹೋಗ್ಲಾಕ ಅಲ್ಲ.

ದಪ್ಪ ಗ್ಲೌಸ್, ಡ್ರೈಸೂಟ್ ತೊಟ್ಟಾಗ ಕೈ ಹಿಂದಕ ಹೋಗೋದೇ ಕಷ್ಟ. ಎಷ್ಟೋ ಮಂದಿ ಇಲ್ಲೇ ಸೋಲ್ತಾರ. ಸಿಲಿಂಡರ್ ಜರಾ ಮ್ಯಾಲಕ್ಕ ಕಟ್ರಿ, ಸೂಟ್ ಹೊಲಿಸುವಾಗ ತೋಳಿನಾಗ ಸಡಿಲ ಇಡಿಸ್ರಿ. ಮನ್ಯಾಗ ದಿನಾ ತೋಳು ಚಾಚಿ ಹಿಂದಕ ಎಳೆಯೋ ವ್ಯಾಯಾಮ ಮಾಡ್ರಿ. ಮೂರೂ ವಾಲ್ವ್ ಮುಚ್ಚಿ ತೆರೆಯೋದು ಕೈ ಮೈ ಎರಡಕ್ಕೂ ರೂಢಿ ಆಗಬೇಕು, ಯೋಚನೆ ಮಾಡೋ ಪಾಳಿ ಬರಬಾರದು.

ಕಾರಂಜಾ ದಂಡಿ, ಬೀದರ್

ಈಗ ಅಭ್ಯಾಸದ ಮಾತಿಗೆ ಬರ್ತೀನಿ. ಬೀದರದಾಗ ಎಂಥಾ ಚಳಿ ಬಿದ್ರೂ ಕಾರಂಜಾ ನೀರು 10 ಡಿಗ್ರಿಗೆ ಬರಲ್ಲ. ಥಂಡಿ ಅಲ್ಲಿ ಸಿಗಲ್ಲ. ಸಿಗೋದು ಡ್ರೈಸೂಟಿನ ಪಾಠ, ಕಾಣದ ನೀರಿನ ಪಾಠ. ಅದಕ್ಕ ಡಿಸೆಂಬರ್, ಜನವರಿ ಮುಂಜಾನಿ ಸರಿ. ಏಪ್ರಿಲ್-ಮೇದಾಗ ದಂಡಿ ಮ್ಯಾಲ ಡ್ರೈಸೂಟ್ ತೊಟ್ಟು ನಿಂತ್ರ ನೀರಿಗೆ ಇಳಿಯೋಕಿಂತ ಮೊದಲೇ ಬಿಸಿಲು ಹೊಡೀತದ.

ನೀರಾವರಿ ನಿಗಮದ ಅನುಮತಿ ಬರಹದಾಗ ತಗೋರಿ. ಗೇಟ್, ಕಾಲುವಿ ತೂಬು ಇರೋ ಕಡಿ ಹಾಯಬ್ಯಾಡ್ರಿ, ಎಳಕೊಂಡು ಬಿಡ್ತದ. ಮುಳುಗಡಿ ಹೊಲದಾಗ ಜಾಲಿ ಗಿಡ ಹಂಗೇ ನಿಂತಿರ್ತಾವ. ಒಂದು ಜಾಲಿ ಮುಳ್ಳು ಸಾಕು ಡ್ರೈಸೂಟಿಗೆ ತೂತು ಬೀಳ್ಲಾಕ. ಮೀನುಗಾರರ ಬಲಿ ಬ್ಯಾರೆ. ನೇರ ಇಳಿಜಾರಿನ ಬರಿ ದಂಡಿ ಹುಡುಕ್ರಿ, 6-8 ಮೀಟರ್ ಆಳ ಸಾಕು.

ಅಲ್ಲಿ ಮಾಡೋದು: ಎಡತೋಳಿನ ವಾಲ್ವ್ ತೆರೆದಿಟ್ಟು ಸೂಟ್ ಗಾಳಿ ತಾನೇ ಹೋಗೋ ಹಂಗ ಮ್ಯಾಲ ಬರೋದು. ಗಾಳಿ ಕಾಲಿಗೆ ಹೋಗಿ ತಲಿಕೆಳಗಾದ್ರ ಮೊಣಕಾಲು ಮಡಚಿ ಉಂಡಿ ಆಗಿ ಉರುಳಿ ಸೀದಾ ಆಗೋದು. ಇನ್‌ಫ್ಲೇಟರ್ ಗುಂಡಿ ಸಿಕ್ಕೊಂಡ್ರ ಒಂದು ಕೈಯಿಂದ ಪೈಪ್ ಕಳಚಿ ಇನ್ನೊಂದು ಕೈಯಿಂದ ಗಾಳಿ ಬಿಡೋದು. ಗ್ಲೌಸ್ ತೊಟ್ಟೇ ಮಾಡ್ರಿ.

ತೂಕದ ಲೆಕ್ಕ ಇಲ್ಲಿದ್ದು ಅಲ್ಲಿಗೆ ಹಂಗೇ ಹಚ್ಚಬ್ಯಾಡ್ರಿ. ಕಾರಂಜಾ ಸಿಹಿ ನೀರು, ಸಮುದ್ರ ಸುಮಾರು ಎರಡೂವರಿ ಶೇಕಡಾ ಭಾರ. ನೀವು 75 ಕೆ.ಜಿ., ಸಾಮಾನು 55, ಒಟ್ಟು 130 ಇದ್ರ ಅಲ್ಲಿ 3 ಕೆ.ಜಿ. ಚಿಲ್ಲರೆ ಸೀಸ ಹೆಚ್ಚಿಗೆ ಬೇಕು. ತೂಕ ನೋಡೋದು ಸಿಲಿಂಡರ್ ತುಂಬಿದಾಗಲ್ಲ, 50 ಬಾರಿಗೆ ಇಳಿದಾಗ. ಜೋಡಿ 12ರಾಗ ತುಂಬಿದ ಗಾಳಿದೇ ಐದೂವರಿ-ಆರು ಕೆ.ಜಿ. ಇರ್ತದ. ಅದು ಖರ್ಚಾದ್ಮ್ಯಾಲ ಕಡೇ ನಿಲುಗಡಿಯಾಗ ಹಗುರ ಆಗಿ ಮ್ಯಾಲ ಹಾರ್ತೀರಿ.

ಇನ್ನೊಂದು. ಕಾರಂಜಾ ಸಮುದ್ರಮಟ್ಟದಿಂದ 580 ಮೀಟರ್ ಆಸುಪಾಸು ಎತ್ತರ. 300 ದಾಟಿದ್ರ ಎತ್ತರದ ಡೈವ್ ಅಂತ್ಲೇ ಲೆಕ್ಕ. ಡೈವ್ ಕಂಪ್ಯೂಟರ್ ತಾನೇ ಗುರುತು ಹಿಡೀತದೋ, ಕೈಯಿಂದ ಹಾಕಬೇಕೋ ನೋಡಿಕೊಳ್ರಿ. ಟೇಬಲ್ ಬಳಸೋರು ಅಲ್ಲಿನ 18 ಮೀಟರನ್ನ 19 ಅಂತ ಹಿಡೀರಿ.

ಭೀಮಾ ಹೊಳಿ, ಯಾದಗಿರಿ

ನಾರಾಯಣಪುರದ ಕಡಿ ಮಾತ್ರ ಯಾರೂ ವಿಚಾರ ಮಾಡಬ್ಯಾಡ್ರಿ. ಕೃಷ್ಣಾದಾಗ ಮೊಸಳಿ ಅದಾವ. ಇಲ್ಲಿ ರೆಗ್ಯುಲೇಟರ್ ಸರ್ವಿಸ್ ಮಾಡಿಸಿದ್ರೂ ಉಪಯೋಗ ಇಲ್ಲ!

ತೊಗರಿ ಕಣಜ, ಕಲಬುರಗಿ

ಹಹ್ಹಾ, ತಿಳೀತ್ರಿ. ಹಂಗಾದ್ರ ಥಂಡಿ ಹೆಂಗ ರೂಢಿ ಮಾಡಬೇಕು?

ಸುರಂಗ ಬಾವಿ, ಬೀದರ್

ಥಂಡಿಗೆ ಮೈಗಿಂತ ಮೊದಲು ಸೋಲೋದು ಬೆರಳು. ಅದನ್ನ ಮನ್ಯಾಗೇ ಕಲೀಬಹುದು. ದೊಡ್ಡ ಬಕೆಟಿನಾಗ ನೀರು, ಅಂಗಡಿ ಬರ್ಫ್ ಹಾಕಿ ಥರ್ಮಾಮೀಟರ್ 8-10 ಡಿಗ್ರಿ ತೋರಿಸೋ ತನಕ ಕಲಸ್ರಿ. ಗ್ಲೌಸ್ ತೊಟ್ಟ ಎರಡೂ ಕೈ 15 ನಿಮಿಷ ಮುಳುಗಿಸಿಟ್ಟು, ಆಮ್ಯಾಲ ನೀರಿನೊಳಗೇ ಕಣ್ಣು ಮುಚ್ಚಿ ಬೋಲ್ಟ್ ಸ್ನ್ಯಾಪ್ (ಸಾಮಾನು ಸಿಗಿಸೋ ಕೊಂಡಿ) ಹಾಕಿ ತಗೀರಿ, ರೀಲಿನ ಲಾಕ್ ಬಿಚ್ರಿ, ಗೇಜ್ ಕಳಚಿ ಸಿಗಿಸ್ರಿ. ಸಣ್ಣ ಸ್ನ್ಯಾಪ್ ಅಲ್ಲಿ ನಡಿಯಲ್ಲ ಅಂತ ಐದೇ ನಿಮಿಷದಾಗ ಗೊತ್ತಾಗ್ತದ. ದೊಡ್ಡ ಗುಂಡಿಯವು ತರಿಸ್ರಿ. ಬೆರಳು ಜೋಮು ಹಿಡಿದು ಬೆಳ್ಳಗಾದ್ರ ಅಲ್ಲಿಗೇ ಬಿಡ್ರಿ, ಕುದಿ ನೀರಿಗೆ ಹಾಕಬ್ಯಾಡ್ರಿ. ಹೃದಯದ ತೊಂದರಿ, ಬಿ.ಪಿ. ಇದ್ದೋರು ಡಾಕ್ಟರನ್ನ ಕೇಳದೆ ಈ ಆಟಕ್ಕ ಬರಬ್ಯಾಡ್ರಿ.

ಡ್ರೈ ಗ್ಲೌಸ್ ತಗೊಂಡ್ರ ಮಣಿಕಟ್ಟಿನ ಸೀಲಿನ ಕೆಳಗ ಒಂದು ಸಣ್ಣ ದಾರ ಹಾಯಿಸ್ರಿ. ಸೂಟಿನ ಗಾಳಿ ಗ್ಲೌಸಿಗೂ ಹೋಗ್ತದ. ಇಲ್ಲಾಂದ್ರ ಆಳದಾಗ ಗ್ಲೌಸ್ ಬೆರಳಿಗೆ ಅಂಟಿ ಹಿಂಡ್ತದ, ಹಿಂಡಿದ್ರ ಬಿಸಿ ಉಳಿಯಲ್ಲ. ಆದ್ರ ಒಂದು ತಿಳಿದಿರ್ಲಿ: ಗ್ಲೌಸ್ ತೂತು ಬಿದ್ರ ಅದೇ ದಾರದ ಸಂದಿಯಿಂದ ನೀರು ಸೂಟಿಗೂ ಬರ್ತದ.

ಶಹಾಬಾದ್ ಕಲ್ಲು, ಕಲಬುರಗಿ

ನಮ್ಮ ಊರಿನ ಸೆಕಿಯಾಗ ಡ್ರೈಸೂಟ್ ಉಳಿಸೋದೇ ಒಂದು ಕೆಲಸ. ಲೇಟೆಕ್ಸ್ ಸೀಲಿಗೆ ಬಿಸಿಲು, ಬಿಸಿ, ಓಝೋನ್ ಮೂರೂ ವೈರಿ. ಮಾಳಗಿ ಮ್ಯಾಲ, ಕಾದ ಪರಸಿ ಮ್ಯಾಲ, ಕಾರಿನ ಡಿಕ್ಕಿಯಾಗ ಇಡಬ್ಯಾಡ್ರಿ. ಕೂಲರ್ ಮೋಟಾರಿನ ಹತ್ರನೂ ಬ್ಯಾಡ, ಮೋಟಾರ್ ಕಿಡಿಯಿಂದ ಓಝೋನ್ ಹುಟ್ತದ. ಸಿಹಿ ನೀರಿನಾಗ ತೊಳೆದು ನೆರಳಿನಾಗ ಒಣಗಿಸಿ, ವಾಸನಿ ಇಲ್ಲದ ಟಾಲ್ಕ್ ಹಚ್ಚಿ, ಸುರುಳಿ ಸುತ್ತಿ ಅಲಮಾರಿಯಾಗ ಇಡ್ರಿ. ಹಿತ್ತಾಳಿ ಝಿಪ್ ಇದ್ರ ಮೇಣ ಹಚ್ಚಿ ತೆರೆದಿಡೋದು, ಪ್ಲಾಸ್ಟಿಕ್ ಇದ್ರ ಮುಚ್ಚಿಡೋದು.

ಕೊರಳ ಸೀಲ್ ಬಿಗಿ ಆದ್ರ ರಾತ್ರಿ ಪಾತ್ರಿಗೆ ಏರಿಸಿ ಸಡಿಲ ಮಾಡ್ತಾರ. ಸ್ಟೀಲ್ ಡಬ್ಬಿಗೆ ಏರಿಸ್ರಿ, ತಾಮ್ರ-ಹಿತ್ತಾಳಿ ಕೊಡಕ್ಕಲ್ಲ. ತಾಮ್ರ ತಗಲಿದ ಲೇಟೆಕ್ಸ್ ಬೇಗ ಸೀಳ್ತದ. ಅಷ್ಟು ಕಾಳಜಿ ಆಗಲ್ಲ ಅನ್ನೋರು ಉಂಗುರದ ಸಿಲಿಕಾನ್ ಸೀಲ್ ಹಾಕಿಸ್ರಿ. ಒಂದು ಹರಿದ್ರ ದೋಣಿ ಮ್ಯಾಲೇ ಹತ್ತು ನಿಮಿಷದಾಗ ಬದಲಿ ಆಗ್ತದ.

ಭೀಮಾ ಹೊಳಿ, ಯಾದಗಿರಿ

ಒಳಗ ಹೊಕ್ಕು ನೋಡ್ಲಾಕ ಬರ್ತದೇನ್ರಿ? ವಿಡಿಯೋದಾಗ ತೂತು ದೊಡ್ಡದು ಕಾಣ್ತದ.

ಕಾರಂಜಾ ದಂಡಿ, ಬೀದರ್

ಕಾಣ್ತದ ಖರೇ, ಹೊಕ್ಕಬಾರದು. ಸ್ಫೋಟದಿಂದ ಬಿದ್ದ ತೂತು ಅವು. ಒಂದು ಕೋನಿಂಗ್ ಟವರಿನ (ಮ್ಯಾಲಿನ ಗೋಪುರ) ಮುಂದ ರೇಡಿಯೋ ಕೋಣಿ ಹತ್ರ, ಇನ್ನೊಂದು ಎಂಜಿನ್ ಕೋಣಿ ಬಲಗಡಿ. ಒತ್ತಡ ತಡೆಯೋ ಒಳಕವಚದ ಅಗಲನೇ ಹೆಚ್ಚು ಕಮ್ಮಿ ನಾಲ್ಕೂವರಿ ಮೀಟರ್. ಅದರಾಗ ಪೈಪು, ಬ್ಯಾಟರಿ, ಬಂಕು ಎಲ್ಲಾ ಕುಸಿದು ತುಂಬ್ಯಾವ. ಒಂದು ಕೋಣಿಯಿಂದ ಇನ್ನೊಂದಕ್ಕ ಹೋಗೋದು ಸಣ್ಣ ದುಂಡನ ಬಾಗಿಲದಾಗ ನುಸುಳಿ. ಬೆನ್ನ ಮ್ಯಾಲ ಜೋಡಿ ಸಿಲಿಂಡರ್ ಇದ್ದೋರಿಗೆ ಅದು ಬಲಿ ಇದ್ದಂಗ. ನಿಮ್ಮ ಉಸಿರಿನ ಗುಳ್ಳಿ ಚಾವಣಿಗೆ ಬಡಿದ್ರೇ ತುಕ್ಕು ಉದರಿ, ಕೆಳಗಿನ ರಾಡಿ ಎದ್ದು, ನಿಮಿಷದಾಗ ಟಾರ್ಚ್ ಬೆಳಕು ಕೈಗೆ ಕಾಣಲ್ಲ. ಮದ್ದುಗುಂಡು ಇನ್ನೂ ಇರಬಹುದು.

ಅದಕ್ಕೂ ಮ್ಯಾಲ ಅದು 55 ಮಂದಿಯ ಸಮಾಧಿ. ಅಮೆರಿಕದ 2004ರ ಮುಳುಗಿದ ಯುದ್ಧನೌಕೆ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಂದು ಮೊಳೆನೂ ತರಂಗಿಲ್ಲ. ಹೊರಗಿಂದ ಡೆಕ್, ಕೋನಿಂಗ್ ಟವರ್, ಟಾರ್ಪೆಡೊ ಬಾಯಿ ನೋಡ್ರಿ, ಸಿಗೋ ಅಷ್ಟು ಹೊತ್ತಿಗೆ ಅದೇ ಭಾಳ.

ಹೊರಗನೂ ಬಲಿ, ಗಾಳದ ನೂಲು ಸುತ್ತಿರ್ತಾವ. ಎರಡು ಕತ್ತರಿಸೋ ಸಾಮಾನು ಬೇಕು. ಒಂದು ನೂಲಿಗೆ ಸಣ್ಣ ಲೈನ್ ಕಟರ್, ಇನ್ನೊಂದು ಆಂಬುಲೆನ್ಸಿನವ್ರ ದಪ್ಪ ಕತ್ತರಿ. ಚಾಕು ತಂತಿ ಕಡಿಯಲ್ಲ. ಎರಡೂ ಸೊಂಟ, ಎದಿ ಪಟ್ಟಿ ಮ್ಯಾಲ ಇರ್ಲಿ. ಡ್ರೈಸೂಟ್ ತೊಟ್ಟು ಮೀನಗಂಡದ ತನಕ ಬಗ್ಗೋದು ಆಗಲ್ಲ.

ಸುರಂಗ ಬಾವಿ, ಬೀದರ್

ಮ್ಯಾಲ ಬರುವಾಗಿನ ಥಂಡಿ ಬಗ್ಗೆ ಒಂದು. ಅಮೆರಿಕ ನೌಕಾಪಡೆಯ ಪ್ರಯೋಗದಾಗ ಕಂಡಿದ್ದು, ತಳದಾಗ ಬೆಚ್ಚಗಿದ್ದು ಮ್ಯಾಲ ಬರುವಾಗ ಥಣ್ಣಗಿದ್ರ ಬೆಂಡ್ಸ್ (ಮೈಯಾಗ ನೈಟ್ರೋಜನ್ ಗುಳ್ಳಿ ಏಳೋ ತೊಂದರಿ) ಅಪಾಯ ಏರ್ತದ. ಬೆಚ್ಚಗಿದ್ದಾಗ ರಕ್ತ ಓಡಿ ನೈಟ್ರೋಜನ್ ಚಂದಾಗಿ ಒಳಗ ಹೋಗ್ತದ, ಥಂಡಿಗೆ ರಕ್ತನಾಳ ಬಿಗಿದು ಹೊರಗ ಬರಲ್ಲ. ಅದಕ್ಕ ಬ್ಯಾಟರಿ ಬಿಸಿ ಜಾಕೀಟ್ ಹಾಕೋರು ತಳದಾಗ ಬಂದ್ ಇಲ್ಲಾ ಕಮ್ಮಿ ಇಟ್ಟು, ಮ್ಯಾಲ ಬರುವಾಗ ಹಚ್ರಿ. ಕಂಪ್ಯೂಟರಿನ ಮಿತಿ ಹತ್ರ ಹೋಗಬ್ಯಾಡ್ರಿ. ನೀರು ಕುಡೀರಿ. ಥಂಡಿ ನೀರಿನಾಗ ಮೂತ್ರ ಜಾಸ್ತಿ ಬರ್ತದ ಅಂತ ಹೆದರಿ ನೀರು ಬಿಡೋರು ಭಾಳ, ಅದೇ ತಪ್ಪು.

ತೊಗರಿ ಕಣಜ, ಕಲಬುರಗಿ

ಎಲ್ಲಾ ಓದಿದ್ಮ್ಯಾಲ ಪ್ಲಾನ್ ಬದಲಿ ಮಾಡೀವಿ. ಈ ಚಳಿಗಾಲ ಕಾರಂಜಾದಾಗ ಡ್ರೈಸೂಟ್. ಅದಾದ್ಮ್ಯಾಲ ಐರ್ಲೆಂಡಿನ ಕಾರ್ಕ್ ಹತ್ರ ಯುಸಿ-42, 27 ಮೀಟರ್ ಅಷ್ಟೇ ಆಳ. ಯು-853 ಅದರ ಮುಂದಿನ ವರ್ಷ. ಡೈವ್ ಮುಗಿದ ಮರುದಿನ ಮುಂಜಾನಿ ವಿಮಾನ ಹಿಡಿದು ಹೈದರಾಬಾದಿಗೆ ಬರೋದು ಅಂತ ಅದ.

ಕಾರಂಜಾ ದಂಡಿ, ಬೀದರ್

ಶಾಣ್ಯಾ ಪ್ಲಾನ್. ಯುಸಿ-42 ಮೈನ್ ಬಿತ್ತೋ ಜಲಾಂತರ್ಗಾಮಿ, 1917ರ ಸೆಪ್ಟೆಂಬರದಾಗ ತನ್ನ ಮೈನಿನಿಂದಲೇ ಮುಳುಗಿದ್ದು. ಆದ್ರ ಐರ್ಲೆಂಡಿನಾಗ 100 ವರ್ಷ ದಾಟಿದ ಹಡಗಿನ ಮ್ಯಾಲ ಇಳೀಲಾಕ ಸರ್ಕಾರದ ಲೈಸೆನ್ಸ್ ಬೇಕು. ತಿಂಗಳು ಮೊದಲೇ ಅರ್ಜಿ ಹಾಕ್ರಿ, ಇಲ್ಲಾ ಅಲ್ಲಿನ ಡೈವ್ ದೋಣಿಯವ್ರು ತಗೊಂಡಿದ್ದಾರ ಏನು ಕೇಳ್ರಿ.

ವಿಮಾನ ಮುಂದಕ ಹಾಕ್ರಿ. ನೈಟ್ರೋಜನ್ ಬಿಡ್ಲಾಕ ಕಡ್ಡಾಯ ನಿಲುಗಡಿ ಇಲ್ಲದ ಹಲವು ಡೈವ್ ಆದ್ರ ಕಮ್ಮಿ ಅಂದ್ರ 18 ತಾಸು, ನಿಲುಗಡಿ ಹಾಕಿದ್ರ 24 ದಾಟಲಿ.

ಶಹಾಬಾದ್ ಕಲ್ಲು, ಕಲಬುರಗಿ

ಟಾರ್ಚ್ ಬ್ಯಾಟರಿ ಕಳಚಿ ಕ್ಯಾಬಿನ್ ಬ್ಯಾಗಿನಾಗ, 100 ವ್ಯಾಟ್-ತಾಸು ದಾಟಿದ್ರ ಏರ್‌ಲೈನಿನ ಒಪ್ಪಿಗೆ ಮೊದಲೇ ತಗೋರಿ, 160ರ ಮ್ಯಾಲಿಂದು ಬಿಡಲ್ಲ. ಕತ್ತರಿ, ಲೈನ್ ಕಟರ್ ಚೆಕ್-ಇನ್ ಬ್ಯಾಗಿನಾಗ. ಸಿಲಿಂಡರ್, ಸೀಸ ಅಲ್ಲೇ ಬಾಡಿಗಿಗೆ. ಬುಕ್ ಮಾಡುವಾಗ ಡಿನ್ (ತಿರುಪಿನ) ವಾಲ್ವ್ ಅದಾವೋ ಯೋಕ್ (ಹಿಡಿಕಿಯಿಂದ ಬಿಗಿಯೋವು) ಅದಾವೋ ಕೇಳಿ ಬರಹದಾಗ ತಗೋರಿ.